ಸೋಡಾ ಅಂಗಡಿಯ ಫ್ರಿಜ್ಜು, ನಮ್ಮವ್ವನ ರೀಲು

ಗೆಳೆಯರೇ, ಕ್ಯಾಮೆರಾ ರೀಲು ಬಿಸಿಲಿಗೆ ಕೆಡುತ್ತದೆ ಎಂದು ಬಸ್ಸಿನಲ್ಲಿ ಯಾರೋ ಹೇಳಿದ ಮೇಲೆ ಇವತ್ತು ನನಗೆ ಕೈಕಾಲೇ ಆಡಲಿಲ್ಲ. ಆ ರೀಲಿನಲ್ಲಿ ನಮ್ಮವ್ವ ಇದ್ದಾಳೆ. ನೀರೆಂದರೆ ನಡುಗುವ ಅವ್ವ ಮೊನ್ನೆ ಗೂಗಲ್ ಊರಿನ ಹತ್ತಿರ ಹರಗೋಲಿನಲ್ಲಿ ಕೂತು ಕೃಷ್ಣೆಯ ನಡುಗಡ್ಡೆಗೆ ಬಂದಿದ್ದಳು. "ಇನ್ನೊಮ್ಮಿ ಕೂಡಾಕ ಒಲ್ಲೆ" ಎಂದುಬಿಟ್ಟಿದ್ದಾಳೆ. ಆಗ ತೆಗೆದ ಫೋಟೊ ಕೆಟ್ಟರೆ ಮತ್ತೆ ಸಿಗುವುದಿಲ್ಲ.

ರಾಯಚೂರಿಗೆ ಬಂದರೆ ಸ್ಟುಡಿಯೊ ಮುಚ್ಚಿತ್ತು, ಮಾಲೀಕರು ಊಟಕ್ಕೆ ಹೋಗಿದ್ದರು. ಬೆಳಕು ತಾಗಬಾರದೆಂದು ರೀಲನ್ನು ಕರಿ ಬಟ್ಟೆಯಲ್ಲಿ ಸುತ್ತಿ ದಾರ ಬಿಗಿದಿದ್ದೆ. ಆ ಗಂಟನ್ನು ಪಕ್ಕದ ಸೋಡಾ ಅಂಗಡಿಯಾಕೆಯ ಮುಂದೆ ಹಿಡಿದು, "ಯಕ್ಕಾ, ಫ್ರಿಜ್ಜಿನಾಗ ಇಡ್ರಿ" ಎಂದೆ.

ಆಕೆ ಎರಡು ಹೆಜ್ಜೆ ಹಿಂದೆ ಸರಿದಳು. "ಏನ್ ಮಾಟ ಮಾಡಾಕ ಬಂದೀಯೋ? ಮೊದ್ಲು ಗಂಟು ಬಿಚ್ಚು!"

"ಬಿಚ್ಚಬ್ಯಾಡ್ರಿ! ಬೆಳಕು ಬಿದ್ರ ನಮ್ಮವ್ವ ಹೋಗ್ತಾಳ್ರೀ!"

ಸೋಡಾ ಕುಡಿಯುತ್ತಿದ್ದವರೆಲ್ಲ ಗ್ಲಾಸು ಇಟ್ಟು ದೂರ ನಿಂತರು. ಒಬ್ಬ ಪೊಲೀಸರನ್ನು ಕರೆಯಲೆಂದು ಫೋನು ತೆಗೆದ. ನಾನು ಗಂಟನ್ನು ಎದೆಗೆ ಅವಚಿಕೊಂಡೆ.

ಅಷ್ಟರಲ್ಲಿ ಸ್ಟುಡಿಯೊ ಮಾಲೀಕರು ಬಂದು ಸುಡುಬಿಸಿಲಿನಲ್ಲೇ ಗಂಟು ಬಿಚ್ಚಿದರು. ನಾನು ಕಣ್ಣು ಮುಚ್ಚಿಕೊಂಡೆ.

"ಡಬ್ಬಿಯಾಗಿನ ರೀಲಿಗೆ ಏನೂ ಆಗಂಗಿಲ್ಲಪಾ," ಎಂದು ನಕ್ಕರು. ತೊಳೆದು ಫೋಟೊ ಮಾಡಿಸಲು ಅದನ್ನು ಬಸ್ಸಿನಲ್ಲಿ ಹೈದರಾಬಾದಿಗೆ ಕಳಿಸುತ್ತಾರಂತೆ.

"ಯಾವ ಬಸ್ ರೀ? ಬಿಸಿಲು ಯಾವ ಕಡಿಗೆ ಬೀಳ್ತದ? ಡ್ರೈವರ್ ಮರ್ತು ಎಲ್ಲೆರ ಇಟ್ರ?"

"ಅಷ್ಟು ಅಂಜಿಕಿ ಇದ್ರ ರೀಲಿನ ಕೂಡ ನೀನೂ ಹೋಗಿಬಿಡಪಾ."

ಅವರು ಚೇಷ್ಟೆಗೆ ಹೇಳಿದರು. ನಾನು ಮಾತ್ರ ಬಸ್ ಸ್ಟ್ಯಾಂಡಿಗೆ ಹೋಗಿ ಹೈದರಾಬಾದ್ ಬಸ್ಸಿನ ಟೈಮು ಕೇಳಿಕೊಂಡು ಬಂದಿದ್ದೇನೆ.