ದುಂಡಗಿದ್ದ ಮಾತ್ರಕ್ಕೆ ಸತ್ತಿಲ್ಲ

ಲ್ಯಾಬಿನ ಇನ್‌ಕ್ಯುಬೇಟರಿನ ಬಾಗಿಲು ತೆಗೆದರೆ ಹುಳಿ ಬಂದ ದೋಸೆ ಹಿಟ್ಟಿನ ವಾಸನೆ. ನಾನು ಅದರಲ್ಲಿ ಬೆಳೆಸುವುದು ಬಾಯಲ್ಲಿ ಬಿಳಿ ಪದರ ಕಟ್ಟುವ ಯೀಸ್ಟನ್ನು. ಮೂಗು ಮುಚ್ಚಿಕೊಂಡರೂ ಪ್ರಯೋಜನವಿಲ್ಲ. ಮನಸ್ಸು ಆಗಲೇ ಬಾಳ್ಳುಪೇಟೆಯ ಹೋಟೆಲ್ ಅಕ್ಕನ ಹತ್ತಿರ ಹೋಗಿಬಿಟ್ಟಿರುತ್ತದೆ.

ಆಗ ಹಾಸನದ ಕಾಲೇಜಿಗೆ ಬಸ್ಸು ಹಿಡಿಯುವ ಮುಂಚೆ ಅವಳಲ್ಲೇ ನನ್ನ ತಿಂಡಿ. ರುಬ್ಬಿದ ಚಟ್ನಿಯನ್ನು ಅಂಗೈಗೆ ಹಾಕಿಕೊಂಡು ನೆಕ್ಕಿ, ತಲೆಯಾಡಿಸಿದ ಮೇಲೆಯೇ ಬಡಿಸುತ್ತಿದ್ದಳು. ಲಾರಿಯವರು ಆ ಚಟ್ನಿಗೆಂದೇ ಗಾಡಿ ನಿಲ್ಲಿಸುತ್ತಿದ್ದರು. ಅವಳಿಗೆ ಸಕ್ಕರೆ ಕಾಯಿಲೆ ಮೊದಲೇ ಇತ್ತು. ಒಂದು ಚಳಿಗಾಲ ಅವಳ ನಾಲಿಗೆಯ ಮೇಲೆ ಮೊಸರು ಮೆತ್ತಿದಂತೆ ಬಿಳಿ ಕಟ್ಟಿತು.

"ನಾಲ್ಗೆ ಸತ್ತೋಗ್ಬುಟ್ಟೈತೆ ಕಣವ್ವ. ಉಪ್ಪು ಹಾಕಿದ್ನೋ ಇಲ್ವೋ ಅಂತ ಗಿರಾಕಿನೇ ಕೇಳೋ ಹಂಗಾಯ್ತು," ಎಂದಳು.

ಡಾಕ್ಟರು ಎರಡು ವಾರಕ್ಕೆ ಮಾತ್ರೆ ಕೊಟ್ಟರು. ಐದಾರು ದಿನಕ್ಕೆ ಬಿಳಿ ಹೋಗಿ ನಾಲಿಗೆ ಕೆಂಪಗಾಯಿತು. ಹೊಟ್ಟೆ ತೊಳಸುತ್ತದೆ, ಉಳಿದದ್ದು ನುಂಗಲೇಬೇಕೆ ಎಂದು ನನ್ನನ್ನು ಕೇಳಿದಳು. ಬಿಎಸ್ಸಿ ಎರಡನೇ ವರ್ಷ ನಾನು. ಅರೆಬೆಂದ ವಿದ್ಯೆ, ಅದಕ್ಕೆ ತಕ್ಕ ಜಂಬ. ಮೊಬೈಲ್ ಟಾರ್ಚ್ ಹಾಕಿ ಬಾಯಿ ನೋಡಿ, "ಎಲ್ಲಾ ಹೋಗೈತೆ ಅಕ್ಕ, ಸಾಕು ಬಿಡು," ಅಂದೆ. ಅವಳು ಸಂತೋಷಕ್ಕೆ ಅಂಗೈ ತುಂಬ ಚಟ್ನಿ ಹಾಕಿಕೊಂಡು ನೆಕ್ಕಿದಳು...

ಮೂರು ವಾರಕ್ಕೆ ಬಿಳಿ ಮತ್ತೆ ಬಂತು, ಈ ಸಲ ಗಂಟಲಿಗೂ ಇಳಿಯಿತು. ಗುಟುಕು ನೀರು ನುಂಗಲಾಗದೆ, ಸಕ್ಕರೆ ಹತೋಟಿ ತಪ್ಪಿ, ಆಸ್ಪತ್ರೆ ಸೇರಿದಳು. ನಾನು ನೋಡಲು ಹೋಗಿದ್ದಾಗಲೇ ಡಾಕ್ಟರು ಬಂದು, ಮಾತ್ರೆ ಯಾಕೆ ಬಿಟ್ಟಿರಿ ಎಂದು ರೇಗಿದರು.

"ನಾನೇ ಬುಟ್ಟೆ ಸ್ವಾಮಿ. ನಂದೇ ತಪ್ಪು."

ಅಕ್ಕ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಬಾಯಿ ಬಿಡಲಿಲ್ಲ. ಅವಳು ಬಾಳ್ಳುಪೇಟೆಗೆ ವಾಪಸ್ಸು ಬರಲಿಲ್ಲ.

ಈಗ ಅದೇ ಮದ್ದನ್ನು ಇಷ್ಟಿಷ್ಟೇ ಯೀಸ್ಟಿಗೆ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದು ನನ್ನ ಕೆಲಸ. ಮದ್ದಿಲ್ಲದಿದ್ದರೆ ಯೀಸ್ಟಿನ ದುಂಡನೆಯ ಕೋಶಗಳು ಉದ್ದಕ್ಕೆ ಎಳೆ ಬಿಟ್ಟು ಮೈಯೊಳಗೆ ನುಗ್ಗಲು ಸಜ್ಜಾಗುತ್ತವೆ. ಮದ್ದು ಬಿದ್ದರೆ ಎಳೆ ನಿಲ್ಲುತ್ತದೆ; ಏನೂ ಅರಿಯದವರ ಹಾಗೆ ದುಂಡಗೆ ಕೂತಿರುತ್ತವೆ. ಸತ್ತಿರುವುದಿಲ್ಲ. ಮದ್ದು ತೊಳೆದರೆ ಕೆಲವೇ ಗಂಟೆಯಲ್ಲಿ ಮತ್ತೆ ಎಳೆ... ಎಷ್ಟು ಸಲ ನೋಡಿದ್ದೇನೋ. ಆದರೂ ಮತ್ತೆ ತೊಳೆಯುತ್ತೇನೆ, ಮತ್ತೆ ನೋಡುತ್ತೇನೆ. ಕೂತಲ್ಲಿ ಕೂರಲಾಗುವುದಿಲ್ಲ.

ಮಾತ್ರೆ ಮುಗಿಸಿದ್ದರೆ ಅಕ್ಕ ಉಳಿಯುತ್ತಿದ್ದಳೋ ಇಲ್ಲವೋ, ಯಾರಿಗೂ ಗೊತ್ತಿಲ್ಲ. ಮೊನ್ನೆ ಊರಿಗೆ ಹೋದಾಗ ಅವಳ ಮಗಳು ಒಳಗೆ ಕರೆದು ಕಾಫಿ ಕೊಟ್ಟಳು.

"ಮಾತ್ರೆ ನೆಟ್ಟಗೆ ನುಂಗಿದ್ರೆ ಇವತ್ತೂ ಇರ್ತಿದ್ಲು. ಯಾರ್ ಮಾತೂ ಕೇಳ್ತಿರ್ಲಿಲ್ಲ ನಮ್ಮವ್ವ," ಎಂದು ಸತ್ತವಳನ್ನೇ ಬೈದಳು.

ನಾನು ಕಾಫಿ ಕುಡಿದು, ಲೋಟ ಕೆಳಗಿಟ್ಟು, ಎದ್ದು ಬಂದೆ.