ಗಾಡಿಗೆ ಅಡ್ಡ ಕೂತ ಚಿಕ್ಕಪ್ಪ

ಕಿರುಗಾವಲಿನ ಬಸ್ ನಿಲ್ದಾಣದಲ್ಲಿ ಮಳೆಗೆ ನಿಂತಿದ್ದಾಗ ಕುರಿ ಕಾಯುವವನೊಬ್ಬ ಪಕ್ಕಕ್ಕೆ ಬಂದು ನಿಂತ. ಅವನ ತಲೆಯ ಮೇಲಿನ ಕರಿ ಕಂಬಳಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ನೆನೆದ ಉಣ್ಣೆಯ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಬಸ್ಸು ಬಂದದ್ದೂ ಹೋದದ್ದೂ ತಿಳಿಯಲಿಲ್ಲ. ನಾನು ಮಳವಳ್ಳಿಯ ನಮ್ಮ ನಡುಮನೆಯಲ್ಲಿದ್ದೆ. ಅಲ್ಲಿ ಎರಡು ಮಗ್ಗ. ನೆಲದಲ್ಲಿ ತೋಡಿದ ಗುಂಡಿಗೆ ಕಾಲು ಇಳಿಬಿಟ್ಟು ಒಂದರಲ್ಲಿ ಅಪ್ಪ, ಇನ್ನೊಂದರಲ್ಲಿ ಚಿಕ್ಕಪ್ಪ ಕೂತು ಕಂಬಳಿ ನೇಯುತ್ತಿದ್ದರು. ಹಿತ್ತಲಲ್ಲಿ ಅವ್ವ ಹುಣಸೆಬೀಜ ಬೇಯಿಸಿ ನೂಲಿಗೆ ಹಚ್ಚುವ ಗಂಜಿ ಮಾಡುತ್ತಿದ್ದಳು. ಅದರ ಅಂಟು ಅವಳ ಬೆರಳಿನಿಂದ ಎಂದೂ ಪೂರ್ತಿ ಹೋಗುತ್ತಿರಲಿಲ್ಲ. ನನಗೆ ತಲೆ ಬಾಚಿದರೆ ನನ್ನ ಕೂದಲೂ ಗಂಜಿಯ ವಾಸನೆ ನಾರುತ್ತಿತ್ತು. ಅಪ್ಪನ ಮಗ್ಗದ ಸದ್ದು ಒಂದೇ ಸಮ. ಚಿಕ್ಕಪ್ಪನದು ಆಗಾಗ ನಿಲ್ಲುತ್ತಿತ್ತು, ಯಾಕೆಂದರೆ ಅವನು ನಡುವೆ ಪೇಪರು ಓದುತ್ತಿದ್ದ. ಮನೆಯಲ್ಲಿ ಅಕ್ಷರ ಬರುತ್ತಿದ್ದದ್ದು ಅವನೊಬ್ಬನಿಗೇ.

ಚಿಕ್ಕಪ್ಪನ ಹೆಸರು ಸಿದ್ದಯ್ಯ. ಶಿವಪುರದಲ್ಲಿ ಸರ್ಕಾರ ಬೇಡವೆಂದರೂ ಸ್ವಾತಂತ್ರ್ಯದ ಬಾವುಟ ಹಾರಿಸಿದಾಗ ಮಳವಳ್ಳಿಯಿಂದ ನಡೆದೇ ಹೋಗಿ ಬಂದವನು. ಅಂದಿನಿಂದ ಖಾದಿ ಬಿಟ್ಟು ಬೇರೆ ಉಟ್ಟವನಲ್ಲ. ಅವ್ವನ ತಮ್ಮ ಬೀರಮಾವನಿಗೆ ಇಂಥದ್ದೆಲ್ಲ ಬೇಕಿರಲಿಲ್ಲ. ಎತ್ತರದ ಆಳು, ನಗುತ್ತಲೇ ಒಳಗೆ ಬರುವವನು. ರೈಲು ಹತ್ತಬೇಕು, ಹಡಗು ನೋಡಬೇಕು ಎನ್ನುವುದೊಂದೇ ಆಸೆ. ಯುದ್ಧ ಶುರುವಾಗಿ, ಸಂತೆಗೆ ಸೈನ್ಯಕ್ಕೆ ಆಳು ಸೇರಿಸಿಕೊಳ್ಳುವವರು ಬಂದಾಗ ಎದೆಯ ಅಳತೆ ಕೊಟ್ಟು ಸೇರಿಬಿಟ್ಟ. ಹೊರಟ ದಿನ ಚಿಕ್ಕಪ್ಪ ಅವನ ಕೈ ಹಿಡಿದುಕೊಂಡು, "ಯಾರ್ ಯಾರ್ದೋ ಜಗಳ ಕಣ್ಲಾ ಅದು. ನೀ ಯಾಕ್ಲಾ ಸಾಯಕ್ ಓಯ್ತೀಯ?" ಎಂದ. ಅವ್ವ ಒಳಗಿಂದ ಧಾವಿಸಿ ಬಂದಳು. "ಊರ್ ಬುಟ್ಟು ಒಂಟಿರೋ ಮಗೀಗೆ ಸಾವಿನ್ ಮಾತಾಡ್ತೀಯಲ್ಲ, ನಿನ್ ಬಾಯ್ಗೆ ಮಣ್ಣಾಕ!" ಅವತ್ತಿನಿಂದ ಅವಳು ಚಿಕ್ಕಪ್ಪನ ಜೊತೆ ಮಾತು ಬಿಟ್ಟಳು. ಮುದ್ದೆ ಇಕ್ಕುತ್ತಿದ್ದಳು, ಸಾರು ಬಿಡುತ್ತಿದ್ದಳು. ಇನ್ನಷ್ಟು ಬೇಕೇ ಎಂಬುದನ್ನು ಮಾತ್ರ ನನ್ನಿಂದ ಕೇಳಿಸುತ್ತಿದ್ದಳು. ಅವನೂ ನನಗೇ ಉತ್ತರ ಹೇಳುತ್ತಿದ್ದ. ಎಂಟು ವರ್ಷದ ನನಗೆ ಅದೊಂದು ಆಟದಂತಿತ್ತು.

ಮರುವರ್ಷ ಸೈನ್ಯಕ್ಕೆ ಕಂಬಳಿ ಬೇಕೆಂದು ನಮ್ಮ ಬೀದಿಗೆಲ್ಲ ಹೇಳಿಕಳಿಸಿದರು. ಅಪ್ಪ ಒಪ್ಪಿಕೊಂಡ. ಚಿಕ್ಕಪ್ಪ ಗುಂಡಿಯಿಂದ ಕಾಲು ಮೇಲೆತ್ತಿಕೊಂಡ. ಅವನ ಮಗ್ಗ ನಿಂತಿತು. ಮೂರು ತಿಂಗಳು ಅಪ್ಪ ಒಬ್ಬನೇ ನೇಯ್ದ. ಕಂಬಳಿಗಳನ್ನೆಲ್ಲ ಗಾಡಿಗೆ ಹೇರಿ ಮದ್ದೂರಿನ ರೈಲಿಗೆ ಹೊರಟ ಬೆಳಿಗ್ಗೆ ಚಿಕ್ಕಪ್ಪ ಬೀದಿಯ ಕೊನೆಯಲ್ಲಿ ಗಾಡಿಗೆ ಅಡ್ಡಲಾಗಿ ಕಾಲು ಮಡಿಸಿ ಕೂತಿದ್ದ. "ಯುದ್ಧಕ್ಕೆ ಆಳು ಕೊಡಬೇಡಿ! ಕಂಬಳಿ ಕೊಡಬೇಡಿ!" ಎಂದು ಕೂಗಿದ. ಜನ ಸೇರಿದರು. "ಒಡಿ ಗಾಡಿಯ, ಅದೇನ್ಮಾಡ್ತಾನೆ ನೋಡಮ" ಎಂದ ಒಬ್ಬ. ಅಪ್ಪ ಗಾಡಿ ಹೊಡೆಯಲಿಲ್ಲ. ಇಳಿದು, ಎತ್ತುಗಳ ಕೊರಳ ಹಗ್ಗ ಬಿಚ್ಚಿ, ತಮ್ಮನ ಎದುರಿಗೆ ತಾನೂ ಮಣ್ಣಿನಲ್ಲಿ ಕೂತ.

"ಚಳೀಲಿ ನಡುಗೋನ್ ಮೈಮ್ಯಾಕಾಕೋ ಕಂಬ್ಳಿ ಕಣ್ಲಾ ಇದು. ಬಂದೂಕ ನೇಯ್ದಿದ್ದೀನಾ ನಾನು?" ಎಂದ ಅಪ್ಪ.

"ಇವತ್ತು ಕಂಬ್ಳಿ ಕೊಟ್ರೆ ನಾಳೀಕೆ ಇನ್ನೊಬ್ನ ಕರ್ಕೊಂಡೋಯ್ತರೆ, ಆ ಕಂಬ್ಳೀನೇ ಒದಿಸ್ಬುಟ್ಟು ಸಾಯ್ಸಕೆ. ನಾ ಏಳಾಕಿಲ್ಲ ಕಣಣ್ಣ."

"ಬೀರ ಅಲ್ಲೇ ಅವ್ನೆ ಕಣ್ಲಾ."

"ಅದ್ಕೇ ಕಣಣ್ಣ."

ಬಿಸಿಲು ನೆತ್ತಿಗೆ ಬರುವವರೆಗೂ ಇಬ್ಬರೂ ಹಾಗೇ ಎದುರುಬದುರು ಕೂತಿದ್ದರು. ಅವ್ವ ನನ್ನ ಕೈಲಿ ಒಂದು ಚೊಂಬು ಮಜ್ಜಿಗೆ ಕೊಟ್ಟು ಕಳಿಸಿದಳು. ಯಾರಿಗೆಂದು ಹೇಳಲಿಲ್ಲ, ಇಬ್ಬರೂ ಕುಡಿದರು. ಆಮೇಲೆ ಪೊಲೀಸಿನವರು ಬಂದರು. ಚಿಕ್ಕಪ್ಪ ತಾನಾಗಿಯೇ ಎದ್ದ. ಅಪ್ಪ ಅವನ ಬಟ್ಟೆಗೆ ಅಂಟಿದ್ದ ಧೂಳನ್ನು ಕೈಯಿಂದ ಕೊಡವಿ, ಅವರು ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದು, ಮತ್ತೆ ಎತ್ತು ಕಟ್ಟಿ ಮದ್ದೂರಿನ ದಾರಿ ಹಿಡಿದ. ಆ ಮಧ್ಯಾಹ್ನ ನಮ್ಮ ಮನೆಯಲ್ಲಿ ಮಗ್ಗದ ಸದ್ದೇ ಇರಲಿಲ್ಲ. ಅಂಥ ನಿಶ್ಶಬ್ದವನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಜೈಲಿನಿಂದ ಬಂದಾಗ ಚಿಕ್ಕಪ್ಪ ಬಹಳ ತೆಳ್ಳಗಾಗಿದ್ದ. ಅಪ್ಪ ಅವನ ಮಗ್ಗವನ್ನು ಒರೆಸಿ ಇಟ್ಟಿದ್ದ. ಚಿಕ್ಕಪ್ಪ ಕುರಿ ಕಾಯುವವರಿಗಷ್ಟೇ ನೇಯುತ್ತೇನೆ ಎಂದ, ಅಪ್ಪ ಆಗಲಿ ಎಂದ. ಒಂದೇ ನಡುಮನೆಯಲ್ಲಿ ಒಂದು ಮಗ್ಗ ಯುದ್ಧಕ್ಕೆ, ಇನ್ನೊಂದು ಊರಿಗೆ. ಅವ್ವ ಮಾತ್ರ ಬಾಯಿ ಬಿಡಲಿಲ್ಲ. ಹೀಗೇ ಎರಡು ವರ್ಷ ಕಳೆದ ಮೇಲೆ ಒಂದು ದಿನ ಟಪಾಲಿನವನು ಕಾಗದ ತಂದ. ಅವ್ವ ಅದನ್ನು ನನ್ನ ಕೈಲಿ ಚಿಕ್ಕಪ್ಪನಿಗೆ ಕಳಿಸಿದಳು. ಅವನು ಒಮ್ಮೆ ಓದಿಕೊಂಡು ಕಾಗದ ಮಡಿಸಿದ. ಅವ್ವ ಬಾಗಿಲಲ್ಲಿ ನಿಂತು, "ಓದು" ಎಂದಳು. ಅಷ್ಟು ವರ್ಷಗಳಲ್ಲಿ ಅವನಿಗೆ ಆಡಿದ ಮೊದಲ ಮಾತು ಅದು. ಚಿಕ್ಕಪ್ಪ ಓದಿದ. ಬೀರಮಾವನ ಜೊತೆಗಿದ್ದ ಹೊಳಲು ಊರಿನ ಹುಡುಗನ ಕಾಗದ. ಬೀರಮಾವ ಗುಂಡು ತಗಲಿ ಸತ್ತಿರಲಿಲ್ಲ. ಕಾಡಿನ ಜ್ವರ ಬಂದು ಮೂರೇ ದಿನಕ್ಕೆ ಹೋಗಿದ್ದ.

ನಾನು ಅಂದೇ ಹೇಳಿರಲಿಲ್ಲವೇ ಎಂದು ಚಿಕ್ಕಪ್ಪ ಅಂದುಬಿಡುತ್ತಾನೆಂದು ನನಗೆ ಭಯವಾಗಿತ್ತು. ಅವ್ವ ಗೋಡೆಗೊರಗಿ ಕುಸಿದಿದ್ದಳು. ಹಿತ್ತಲಲ್ಲಿ ಗಂಜಿ ತಳ ಹತ್ತುತ್ತಿತ್ತು. ಚಿಕ್ಕಪ್ಪ ಎದ್ದು ಹೋಗಿ ಒಲೆಯ ಮುಂದೆ ಕೂತು ಅದನ್ನು ತಿರುವತೊಡಗಿದ. ಅವನ ಹೆಗಲು ಅಲುಗುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವ್ವ ಹೋಗಿ ಪಕ್ಕದಲ್ಲಿ ಕೂತು, "ಬುಡು, ಕೈ ಸುಟ್ಕೊಂಡೀಯ" ಎಂದಳು. ಅಪ್ಪ ಯುದ್ಧ ಮುಗಿಯುವವರೆಗೂ ಸೈನ್ಯಕ್ಕೆ ನೇಯುತ್ತಲೇ ಇದ್ದ. "ಅಲ್ಲಿ ಇನ್ನೂ ಎಷ್ಟ್ ಜನ ನಡುಗ್ತಾವ್ರೋ" ಎನ್ನುತ್ತಿದ್ದ. ಚಿಕ್ಕಪ್ಪ ಅದನ್ನು ಕೊನೆಗೂ ಒಪ್ಪಲಿಲ್ಲ. ಆದರೂ ಇಬ್ಬರ ಊಟ ಒಟ್ಟಿಗೇ ಆಗುತ್ತಿತ್ತು. ಈಗ ಆ ಮನೆ ಇಲ್ಲ, ಬೀದಿಯಲ್ಲಿ ಒಂದು ಮಗ್ಗವೂ ಇಲ್ಲ. ನಿಮಗೂ ಅಂಥ ಒಂದು ಮನೆ ಇದ್ದಿರಬೇಕು, ಒಪ್ಪದವರು ಕೂಡ ಒಂದೇ ಸೂರಿನ ಕೆಳಗೆ ಬಾಳಿದ್ದ ಮನೆ.

ಸ್ವಾತಂತ್ರ್ಯ ಬಂದ ಬೆಳಿಗ್ಗೆ ಜೈಲಿಗೆ ಹೋಗಿ ಬಂದವನೆಂದು ಚಿಕ್ಕಪ್ಪನನ್ನು ಸ್ಕೂಲಿನ ಮೈದಾನಕ್ಕೆ ಕರೆಯಲು ಜನ ಬಂದರು. "ಅತ್ಗೆ ಬಂದ್ರೆ ಬತ್ತೀನಿ" ಎಂದ. ಅವ್ವ ಸೀರೆ ಬದಲಿಸಿಕೊಂಡು ನನ್ನನ್ನೂ ಕರೆದುಕೊಂಡು ಬಂದಳು, ಅಪ್ಪ ಮನೆಯಲ್ಲೇ ಉಳಿದ. ಬಾವುಟ ಏರಿತು, ಮಕ್ಕಳಿಗೆಲ್ಲ ಕಲ್ಲುಸಕ್ಕರೆ ಹಂಚಿದರು. ಗದ್ದಲದ ನಡುವೆ ಅವ್ವ ಅವನತ್ತ ಬಾಗಿ ಕೇಳಿದಳು, "ಇನ್ಮ್ಯಾಕೆ ಯಾರ್ ಮನೆ ಮಕ್ಳೂ ಯುದ್ದಕ್ ಓಗಂಗಿಲ್ವ, ಸಿದ್ದಯ್ಯ?"

ಚಿಕ್ಕಪ್ಪ ತಲೆಯೆತ್ತಿ ಬಾವುಟದ ಕಡೆ ನೋಡಿದ. "ಗೊತ್ತಿಲ್ಲ ಕಣತ್ಗೆ" ಎಂದ.

ಅವ್ವ ತಲೆಯಾಡಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾವು ಮೂವರೂ ನಿಧಾನವಾಗಿ ಮನೆಯ ಕಡೆ ನಡೆದೆವು.