ಉಮಾಕಾಂತನ ಇಂಜಿನ್, ಜಗದೇವಿಯ ಬೆರಳು

ಉಮಾಕಾಂತನಿಗೆ ಕಿವಿ ಕೇಳುವುದಿಲ್ಲ ಎಂಬುದು ಊರಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬಳು ಅವನ ಹೆಂಡತಿ ಜಗದೇವಿ. ಇನ್ನೊಬ್ಬ ನಾನು, ಹಿಟ್ಟಿನ ಗಿರಣಿಯ ತುಳಸಿರಾಮ. ನನಗೆ ಗೊತ್ತಿದೆ ಎಂಬುದು ಉಮಾಕಾಂತನಿಗೆ ಗೊತ್ತಿರಲಿಲ್ಲ. ಅದನ್ನು ಮುಚ್ಚಿಟ್ಟುಕೊಂಡು ಗೆಳೆಯನಿಗೆ ದೊಡ್ಡ ಉಪಕಾರ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಈಗ ನೆನೆದರೆ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಅನ್ನಿಸುತ್ತದೆ.

ನಮ್ಮೂರು ನಾರಾಯಣಖೇಡದ ಕಡೆ, ಮಾಂಜ್ರಾ ಹಿನ್ನೀರಿನ ದಂಡೆಯಲ್ಲಿದೆ. ಡ್ಯಾಮು ಕಟ್ಟಿದಾಗ ಊರು ಈ ದಂಡೆಗೆ ಉಳಿಯಿತು, ಅರ್ಧ ಹೊಲ ಆ ದಂಡೆಗೆ ಹೋಯಿತು. ರಸ್ತೆ ಹಿಡಿದು ಸುತ್ತಿ ಹೋದರೆ ನಲವತ್ತು ಕಿಲೋಮೀಟರು, ಬೋಟಿನಲ್ಲಿ ಇಪ್ಪತ್ತು ನಿಮಿಷ. ಬೀಜದ ಚೀಲ, ಬುತ್ತಿಗಂಟು, ಕಳೆ ಕೀಳುವ ಹೆಂಗಸರು, ಆಡು, ಎಲ್ಲವೂ ಒಂದೇ ಬೋಟಿನಲ್ಲಿ ದಾಟಬೇಕು. ನಡೆಸುವವನು ಧನರಾಜ. ಇಂಜಿನ್ ಕೆಟ್ಟರೆ ಉಮಾಕಾಂತ. ಇಪ್ಪತ್ತು ವರ್ಷದಿಂದ ಹೀಗೇ ನಡೆದಿತ್ತು.

ಉಮಾಕಾಂತ ಸಣ್ಣವನಿದ್ದಾಗ ಜಹೀರಾಬಾದಿನ ಒಬ್ಬ ಉಸ್ತಾದನ ಕೈಕೆಳಗೆ ಕಲಿತವನು. ಆಮೇಲೆ ತಾಂಡೂರಿಗೆ ಹೋಗಿ, ಕಲ್ಲಿನ ಪಾಲಿಶ್ ಕಾರ್ಖಾನೆಗಳ ನಡುವೆ ಒಂದು ಶೆಡ್ಡಿನಲ್ಲಿ ಹನ್ನೆರಡು ವರ್ಷ ಗಾಡಿ ರಿಪೇರಿ ಮಾಡಿದ. ಹಗಲೆಲ್ಲ ಪಕ್ಕದಲ್ಲಿ ಕಲ್ಲು ಕೊಯ್ಯುವ ಸದ್ದು. ಅವನ ಕಿವಿ ಹಾಳಾಗಲು ಶುರುವಾದದ್ದು ಅಲ್ಲಿಯೇ ಅಂತ ನನ್ನ ಅಂದಾಜು. ನಾನು ನಲವತ್ತು ವರ್ಷ ಗಿರಣಿಯೊಳಗೆ ನಿಂತವನು, ನನ್ನ ಕಿವಿ ಗಟ್ಟಿಯಾಗಿವೆ. ಆ ನ್ಯಾಯ ನನಗೆ ಇವತ್ತಿಗೂ ತಿಳಿದಿಲ್ಲ.

ಊರಿಗೆ ಬಂದು ಮನೆಯ ಮುಂದೆಯೇ ಅಂಗಡಿ ಹಾಕಿದ. ಅವನ ಹೆಸರು ಇದ್ದದ್ದು ಕಾರ್ಬೇಟರಿನಲ್ಲಿ. ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಉಣಿಸುವ ಸಣ್ಣ ಡಬ್ಬಿ ಅದು. ಅದಕ್ಕೊಂದು ಹಿತ್ತಾಳೆಯ ತಿರುಪು. ಒಂದು ಕೂದಲಷ್ಟು ಹೆಚ್ಚು ತಿರುಗಿದರೆ ಇಂಜಿನ್ ಕೆಮ್ಮುತ್ತದೆ, ಕಡಿಮೆಯಾದರೆ ಹೊಗೆ ಕಾರುತ್ತದೆ. ಉಮಾಕಾಂತ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಇಟ್ಟುಕೊಂಡು, ಸದ್ದು ಕೇಳಿ ತಿರುಪು ಕೂರಿಸುತ್ತಿದ್ದ. ಕಂಗ್ಟಿಯಿಂದ, ಅತ್ತ ಬೀದರಿನ ಕಡೆಯಿಂದಲೂ ಜನ ಗಾಡಿ ತಳ್ಳಿಕೊಂಡು ಬರುತ್ತಿದ್ದರು.

ಗುಟ್ಟು ನನಗೆ ಸಿಕ್ಕಿದ್ದು ಒಂದು ಬೇಸಿಗೆಯಲ್ಲಿ, ನನ್ನ ಹಳೆಯ ಲೂನಾ ಗಾಡಿ ತೋರಿಸಲು ಹೋದಾಗ. ಜಗದೇವಿ ಹೊಸ್ತಿಲ ಮೇಲೆ ಕೂತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಉಮಾಕಾಂತ ಕಿವಿಗೆ ಸ್ಕ್ರೂಡ್ರೈವರ್ ಇಟ್ಟುಕೊಂಡಿದ್ದ, ಕಣ್ಣು ಮಾತ್ರ ಹೆಂಡತಿಯ ಮೇಲೆ. ಮುದುಕನಾದರೂ ಚಾಳಿ ಬಿಟ್ಟಿಲ್ಲ ಅಂತ ನಗು ಬಂತು. ಚೇಷ್ಟೆ ಮಾಡಬೇಕು ಅಂತ ಬಾಯಿ ತೆರೆದವನು ಅವಳ ಕೈ ನೋಡಿ ಸುಮ್ಮನಾದೆ. ಬೇಳೆಯ ನಡುವೆ ಅವಳ ತೋರುಬೆರಳು ಮೇಲೆದ್ದು ಬಲಕ್ಕೆ ಬಾಗಿತು, ಅವನು ತಿರುಪನ್ನು ಬಲಕ್ಕೆ ತಿರುಗಿಸಿದ. ಬೆರಳು ಸ್ವಲ್ಪ ಎಡಕ್ಕೆ ಬಂತು, ಅವನೂ ಎಡಕ್ಕೆ ಬಂದ. ಆಮೇಲೆ ಅವಳು ಮುಷ್ಟಿ ಕಟ್ಟಿದಳು. ಅವನು ಕೈ ತೆಗೆದ. ಲೂನಾ ಹೊಸದರಂತೆ ಹಾಡುತ್ತಿತ್ತು.

ನಾನು ಏನೂ ಕಾಣದವನಂತೆ ಗಾಡಿ ಹತ್ತಿದೆ. ಎದುರಿನವರ ಮಾತನ್ನು ಅವನು ತುಟಿ ನೋಡಿಯೇ ತಿಳಿದುಕೊಳ್ಳುತ್ತಿದ್ದ ಎಂಬುದು ದಾರಿಯಲ್ಲಿ ಹೊಳೆಯಿತು. ಒಬ್ಬ ಮನುಷ್ಯನ ಕಸುಬಿನ ಕಿವಿಯನ್ನು ಅವನ ಹೆಂಡತಿ ಯಾರಿಗೂ ಕಾಣದಂತೆ ಹೊತ್ತು ನಡೆಸುತ್ತಿದ್ದಳು. ಜಗದೇವಿ ನಮ್ಮ ಓಣಿಯಲ್ಲೇ ಹುಟ್ಟಿ ಬೆಳೆದವಳು, ನನಗೆ ಅಣ್ಣ ಅನ್ನುವವಳು. ಅವಳ ಮೇಲೆ ಬಹಳ ಪ್ರೀತಿ ಬಂತು.

ಆಮೇಲೆ ಕಾಲ ಕೆಟ್ಟಿತು. ಹೊಸ ಮೋಟರ್‌ಸೈಕಲ್ಲುಗಳಿಗೆ ಕಾರ್ಬೇಟರೇ ಇಲ್ಲ. ಪೆಟ್ರೋಲು ಎಷ್ಟು, ಗಾಳಿ ಎಷ್ಟು ಅಂತ ಒಳಗಿನ ಕಂಪ್ಯೂಟರೇ ಲೆಕ್ಕ ಹಾಕಿ ಚಿಮ್ಮಿಸುತ್ತದೆ. ಅದಕ್ಕೆ ಎಫ್‌ಐ ಅನ್ನುತ್ತಾರೆ. ಅಂಗಡಿಯ ಮುಂದೆ ನಿಲ್ಲುವ ಗಾಡಿಗಳು ಹತ್ತರಿಂದ ಎರಡಕ್ಕೆ ಇಳಿದವು, ಆಮೇಲೆ ದಿನಕ್ಕೊಂದು ಬಂದರೆ ಹೆಚ್ಚು. ಉಳಿದದ್ದು ಬೋಟು. ಅದು ಕೆಮ್ಮಿದರೆ ಇಡೀ ಊರು ಇವನ ಬಾಗಿಲಿಗೆ ಬರುತ್ತಿತ್ತು. ಅವತ್ತು ಇವನು ಮೊದಲಿನ ಉಮಾಕಾಂತ.

ಎರಡು ವರ್ಷದ ಹಿಂದೆ ಬೋಟಿನ ಹಳೆಯ ಇಂಜಿನ್ ಪೂರ್ತಿ ಕೈಕೊಟ್ಟಿತು. ಹೊಸದು ತರಬೇಕಾಯಿತು. ಧನರಾಜ, ಉಮಾಕಾಂತ, ನಾನು ಮೂವರೂ ಹೈದರಾಬಾದಿಗೆ ಹೋದೆವು. ಅಂಗಡಿಯವನು ನೀರು ತುಂಬಿದ ಡ್ರಮ್ಮಿನಲ್ಲಿ ಎರಡು ಇಂಜಿನ್ ಇಳಿಸಿ ಚಾಲೂ ಮಾಡಿ ತೋರಿಸಿದ. ಒಂದು ಕಾರ್ಬೇಟರಿನದು, ಇನ್ನೊಂದು ಎಫ್‌ಐ. ಎಫ್‌ಐ ಒಂದೇ ಎಳೆತಕ್ಕೆ ಹೊತ್ತಿಕೊಂಡಿತು. ಉಮಾಕಾಂತ ಅದರ ಸುತ್ತ ಎರಡು ಸಲ ತಿರುಗಿ ಬಗ್ಗಿ ನೋಡಿದ.

"ಇದರಾಗ ತಿರುಗಿಸೋದು ಎಲ್ಲಿ ಅದ?" ಅಂತ ಕೇಳಿದ.

ತಿರುಗಿಸುವುದು ಏನೂ ಇಲ್ಲ ಚಾಚಾ, ಅದರ ಪಾಡಿಗೆ ಅದು ನಡೆಯುತ್ತದೆ, ಕೆಟ್ಟರೆ ನಮ್ಮ ಹುಡುಗ ಲ್ಯಾಪ್‌ಟಾಪ್ ತೆಗೆದುಕೊಂಡು ಬರುತ್ತಾನೆ ಅಂದ ಅಂಗಡಿಯವನು. ಉಮಾಕಾಂತ ಜೇಬಿನಿಂದ ಅರ್ಧ ತೆಗೆದಿದ್ದ ಸ್ಕ್ರೂಡ್ರೈವರನ್ನು ಮತ್ತೆ ಒಳಗೆ ಇಟ್ಟುಕೊಂಡ. ಯಾವುದು ತರಬೇಕು ಎಂಬುದನ್ನು ಊರ ಸಭೆಗೆ ಬಿಟ್ಟು ವಾಪಸು ಬಸ್ಸು ಹತ್ತಿದೆವು.

ಮರುದಿನ ಜಗದೇವಿ ಜೋಳದ ಡಬ್ಬಿ ಹಿಡಿದು ಗಿರಣಿಗೆ ಬಂದಳು. ಉಳಿದವರು ಹೋಗುವ ತನಕ ಕಾದು ನಿಂತಳು.

"ತುಳಸಿರಾಮಣ್ಣಾ, ನಿಮಗ ಗೊತ್ತದ ಅಂತ ನಂಗ ಗೊತ್ತದರಿ. ಅವತ್ತ ಲೂನಾ ತಂದಾಗ ನೀವು ನನ್ನ ಬೆರಳು ನೋಡಿದ್ರಿ."

ನಾನು ಗಿರಣಿ ಬಂದ್ ಮಾಡಿದೆ.

"ನಾಳಿ ಸಭಾದಾಗ ಎಫ್‌ಐನೇ ತರೋಣ ಅಂತ ನೀವು ಹೇಳ್ರಿ. ನಮ್ಮನಿಯವರಿಗೆ ನಾ ಹೇಳಿದ್ರ ಆಗಲ್ಲ. ಮೋಟರ್‌ಸೈಕಲ್ ನಿಂತ್ರ ರಸ್ತಾದ ಮ್ಯಾಲ ನಿಲ್ತದ. ಬೋಟ್ ನೀರಾಗ ನಿಲ್ತದ. ನಾ ಯಾವಾಗಲೂ ಬಾಜೂಕ ಇರ್ತೀನಿ ಅಂತ ಏನದರಿ?"

"ಅವನ ಹತ್ರ ಉಳದದ್ದು ಇದೊಂದೇ ಕೆಲಸ, ತಂಗಿ."

"ಹೋದ್ರ ಹೋಗ್ಲಿ ಅಣ್ಣಾ. ಮನ್ಯಾಗ ಕುಂತು ಉಣ್ಣಲಿ. ಒಂದು ಜೀವ ಹೋದ್ರ ಯಾರು ತಂದು ಕೊಡ್ತಾರ?"

ಹೇಳುತ್ತೇನೆ ಅಂತ ಅವಳಿಗೆ ಮಾತು ಕೊಟ್ಟೆ. ಸಭೆ ಹನುಮಂತನ ಗುಡಿಯ ಕಟ್ಟೆಯ ಮೇಲೆ ಕೂಡಿತು. ಧನರಾಜನಿಗೆ ಎಫ್‌ಐ ಮನಸ್ಸಿಗೆ ಬಂದಿತ್ತು. ಉಮಾಕಾಂತ ಎದ್ದು ನಿಂತು, "ಕಾರ್ಬೇಟರ್ ಕೆಟ್ರ ದಂಡಿ ಮ್ಯಾಲ ಕುಂತು ಅರ್ಧ ತಾಸಿನಾಗ ನಾ ಮಾಡಿ ಕೊಡ್ತೀನಿ. ಅದು ಕೆಟ್ರ ಹೈದರಾಬಾದಿನವ ಬರೋತನಕ ನಿಮ್ಮ ಬೆಳಿ ಆ ದಂಡಿಗೇ ಒಣಗತದ" ಅಂದ. ಮಾತೇನೂ ಸುಳ್ಳಲ್ಲ. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. ಇಂಜಿನ್ನಿನ ಮಾತು ಬಂದರೆ ಅವನ ನಂತರ ನನ್ನ ಮಾತಿಗೆ ತೂಕ ಇತ್ತು. ಅವನೂ ನನ್ನ ತುಟಿಯನ್ನೇ ನೋಡುತ್ತ ನಿಂತಿದ್ದ. ಶಾಲೆಯಲ್ಲಿ ಒಂದೇ ಪಾಟಿಯ ಮೇಲೆ ಬರೆದವರು ನಾವು.

"ಉಮಾ ಹೇಳೋದು ಖರೇ ಅದ. ಕಾರ್ಬೇಟರೇ ತರೋಣ" ಅಂದೆ.

ಜಗದೇವಿ ಹೆಂಗಸರ ನಡುವೆ ಕೂತಿದ್ದಳು. ಸಿಟ್ಟು ಮಾಡಲಿಲ್ಲ, ಎದ್ದು ಮನೆಗೆ ಹೋದಳು. ಆಮೇಲೂ ಮೊದಲಿನಂತೆಯೇ ಬೋಟಿನ ಇಂಜಿನ್ ಬಿಚ್ಚಿದಾಗಲೆಲ್ಲ ಬುತ್ತಿಯ ನೆಪದಲ್ಲಿ ದಂಡೆಗೆ ಬಂದು ಮೂರನೇ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಎರಡು ವರ್ಷ ಆ ಇಂಜಿನ್ ಚೆನ್ನಾಗಿಯೇ ನಡೆಯಿತು. ಊರವರು ಉಮಾಕಾಂತನನ್ನು ಹೊಗಳಿದರು. ನನ್ನ ತೀರ್ಮಾನವೂ ತಪ್ಪಲ್ಲ ಅಂತ ನಾನೂ ನಂಬಿಬಿಟ್ಟೆ.

ಹೋದ ಶ್ರಾವಣದಲ್ಲಿ ಒಂದು ಮಂಗಳವಾರ. ಜಗದೇವಿ ತೊಗರಿಯ ಕಳೆ ಕೀಳಲು ಬೆಳಗಿನ ಮೊದಲ ಸರತಿಯಲ್ಲೇ ಆ ದಂಡೆಗೆ ಹೋಗಿದ್ದಳು. ಖಾಲಿ ಬೋಟು ತಿರುಗಿ ಬರುವಾಗ ಇಂಜಿನ್ ಎಳೆಯಲಿಲ್ಲ. ಧನರಾಜ ಹೇಗೋ ದಂಡೆಗೆ ತಂದು ಉಮಾಕಾಂತನಿಗೆ ಹೇಳಿ ಕಳಿಸಿದ. ಎರಡನೇ ಸರತಿಗೆ ಕಾದಿದ್ದವರು ಎಂಟು ಹತ್ತು ಜನ. ಹೊಲಕ್ಕೆ ಹೊರಟಿದ್ದ ನಾನೂ ಅವರಲ್ಲಿ ಒಬ್ಬ.

ಉಮಾಕಾಂತ ಕಾರ್ಬೇಟರ್ ಬಿಚ್ಚಿದ. ತಳದಲ್ಲಿ ನೀರು ಕೂಡಿತ್ತು. ಒರೆಸಿ, ಊದಿ, ಮತ್ತೆ ಕೂರಿಸಿ ಚಾಲೂ ಮಾಡಿದ. ಸ್ಕ್ರೂಡ್ರೈವರ್ ಕಿವಿಗೆ ಹೋಯಿತು. ಕಣ್ಣು ತನ್ನಿಂದ ತಾನೇ ಮೂರನೇ ಮೆಟ್ಟಿಲಿಗೆ ಹೋಯಿತು. ಅಲ್ಲಿ ಯಾರೂ ಇರಲಿಲ್ಲ. ಅವನು ತಿರುಪು ತಿರುಗಿಸಿದ, ಮತ್ತೆ ತಿರುಗಿಸಿದ. ಇಂಜಿನ್ ನಡುನಡುವೆ ಸೀನುತ್ತಿತ್ತು. ಪೆಟ್ರೋಲು ಸಾಲುತ್ತಿಲ್ಲ ಎಂಬುದು ನನಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಎಡಕ್ಕೆ ಅರ್ಧ ಸುತ್ತು ಬೇಕಿತ್ತು, ಅಷ್ಟೇ.

ಅವನು ತಲೆ ಎತ್ತಿ ನಿಂತವರ ಮುಖಗಳನ್ನು ಒಂದೊಂದಾಗಿ ನೋಡಿದ. ಅವನ ಕಣ್ಣು ನನ್ನ ಮುಖದ ಮೇಲೆ ಬಂದು ನಿಂತಿತು. ಅವನಿಗೆ ನನ್ನಿಂದ ಏನೂ ಬೇಕಿರಲಿಲ್ಲ, ಮುಖ ನೋಡಿ ಸದ್ದು ಹೇಗಿದೆ ಅಂತ ಊಹಿಸುತ್ತಿದ್ದ. ನಾನು ಒಂದು ಬೆರಳು ಎತ್ತಬಹುದಿತ್ತು. ಹತ್ತು ಜನರ ಮುಂದೆ ಅವನ ಗುಟ್ಟು ಬಯಲಾಗುತ್ತದೆ, ನಾನು ಇಷ್ಟು ವರ್ಷ ತಿಳಿದೂ ಸುಮ್ಮನಿದ್ದದ್ದು ಅವನಿಗೆ ತಿಳಿಯುತ್ತದೆ ಅನ್ನಿಸಿತು. ನಾನು ನೀರಿನ ಕಡೆ ತಿರುಗಿ ಬೀಡಿ ಹಚ್ಚಿದೆ.

"ಆತು, ಹತ್ರಿ" ಅಂದ ಉಮಾಕಾಂತ.

ದಾಟುವಾಗ ಇಡೀ ದಾರಿ ಇಂಜಿನ್ ಸೀನಿತು. ಧನರಾಜನಿಗೂ ಕೇಳಿಸಿತ್ತು. "ಜರಾ ಸೀನ್ಲತ್ತದಲ್ಲ ಕಾಕಾ?" ಅಂತ ನನ್ನನ್ನು ಕೇಳಿದ. ನಾನು ಏನೂ ಅನ್ನುವ ಮೊದಲೇ, "ಇರ್ಲಿ, ಉಮಾಕಾಂತ ಕಾಕಾ ನೋಡ್ಯಾನಲ್ಲ" ಅಂತ ತಾನೇ ಸಮಾಧಾನ ಮಾಡಿಕೊಂಡ. ಬೋಟಿನಲ್ಲಿದ್ದ ಯಾರೂ ಆಮೇಲೆ ಆ ಮಾತು ಎತ್ತಲಿಲ್ಲ.

ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ತೊಗರಿಯ ಹೊಲದಿಂದ ಕೂಗು ಬಂತು. ಜಗದೇವಿಯ ಕಾಲಿಗೆ ಹಾವು ಕಚ್ಚಿತ್ತು. ನಾವು ನಾಲ್ಕು ಜನ ಅವಳನ್ನು ಕಂಬಳಿಯಲ್ಲಿ ಹೊತ್ತು ಬೋಟಿಗೆ ತಂದೆವು. ಈ ದಂಡೆಗೆ ಬಂದರೆ ಸಾಕು, ನಾರಾಯಣಖೇಡದ ದವಾಖಾನೆಗೆ ಒಯ್ಯಲು ಜೀಪು ನಿಂತಿರುತ್ತದೆ ಅಂತ ಫೋನಿನಲ್ಲಿ ಹೇಳಿದ್ದರು. ಅವಳಿಗೆ ಎಚ್ಚರ ಇತ್ತು, ಮಾತೂ ಇತ್ತು.

ಧನರಾಜ ಹೆದರಿ ಪೂರ್ತಿ ವೇಗ ಕೊಟ್ಟ. ನಟ್ಟನಡು ನೀರಿನಲ್ಲಿ ಇಂಜಿನ್ ಎರಡು ಸಲ ಜೋರಾಗಿ ಸೀನಿ ನಿಂತುಬಿಟ್ಟಿತು. ಹಗ್ಗ ಎಳೆದೂ ಎಳೆದೂ ಧನರಾಜನ ಅಂಗೈ ಸುಲಿಯಿತು. ಎದುರು ಗಾಳಿ. ಇದ್ದದ್ದು ಒಂದೇ ಹುಟ್ಟು. ನಾನು ತಿರುಪು ತಿರುಗಿಸಲು ಹೋದೆ. ಎಡಕ್ಕೆ ಅಂತ ಗೊತ್ತಿತ್ತು, ತಿರುಗಿಸಿದೆ, ಆದರೆ ಅಷ್ಟು ಸಲ ಹಗ್ಗ ಎಳೆದದ್ದಕ್ಕೆ ಇಂಜಿನ್ ಪೆಟ್ರೋಲು ಕುಡಿದು ತೊಯ್ದು ಕೂತಿತ್ತು. ಜಗದೇವಿ ನನ್ನ ಕೈ ನೋಡುತ್ತಿದ್ದಳು. ಅವಳ ರೆಪ್ಪೆ ಜೋಲಲು ಶುರುವಾಗಿತ್ತು, ನಾಲಿಗೆ ತೊದಲುತ್ತಿತ್ತು.

"ಮುಂಜಾನಿ... ನೀವು ಇದ್ದಿರಲ್ಲ ಅಣ್ಣಾ?" ಅಂದಳು.

"ಇದ್ದೆ ತಂಗಿ" ಅಂದೆ.

ದಂಡೆ ಮುಟ್ಟಲು ಒಂದೂವರೆ ತಾಸು ಹಿಡಿಯಿತು. ಮೆಟ್ಟಿಲ ಬುಡದಲ್ಲಿ ಉಮಾಕಾಂತ ಮಂಡಿಯುದ್ದ ನೀರಿಗೆ ಇಳಿದು ನಿಂತಿದ್ದ. ಜೀಪು ದವಾಖಾನೆ ಮುಟ್ಟುವ ಮೊದಲೇ ಅವಳ ಉಸಿರು ನಿಂತಿತು.

ಮಣ್ಣು ಕೊಟ್ಟು ಬಂದೆವು. ಗುಡಿಯ ಕಟ್ಟೆಯ ಮೇಲೆ ಮತ್ತೆ ಜನ ಕೂಡಿದರು. ಈಗಿನ ಪೆಟ್ರೋಲೇ ಸರಿಯಿಲ್ಲ, ನೀರು ಎಳೆದುಕೊಳ್ಳುತ್ತದೆ ಅಂತ ಒಬ್ಬ ಅಂದ. ಎಲ್ಲರೂ ಅದನ್ನೇ ಹಿಡಿದರು. ಧನರಾಜನೂ ಹೂಂ ಅಂದ, ನಾನೂ ಹೂಂ ಅಂದೆ. ಒಂದು ತಿಂಗಳಿಗೆ ಎಫ್‌ಐ ಬಂತು. ಯಾರೂ ಸಭೆ ಕರೆಯಲಿಲ್ಲ. ಒಂದೇ ಎಳೆತಕ್ಕೆ ಹೊತ್ತಿಕೊಳ್ಳುತ್ತದೆ, ಈಗಲೂ ಅದೇ ದಾಟಿಸುತ್ತಿದೆ.

ಉಮಾಕಾಂತ ಅಂಗಡಿ ತೆರೆಯುವುದನ್ನು ಬಿಟ್ಟ. ನಾನು ದಿನಾ ಸಂಜೆ ಹೋಗಿ ಅವನ ಹೊಸ್ತಿಲ ಮೇಲೆ ಕೂರುತ್ತಿದ್ದೆ. ನನ್ನ ಮನಸ್ಸಿನ ಕುದಿ ತಡೆಯಲಾಗದೆ ಹೋಗುತ್ತಿದ್ದೆ, ಅವನ ಮೇಲಿನ ಕರುಣೆಯಿಂದಲ್ಲ. ಹೀಗೆ ಒಂದು ದಿನ ಅವನು ಆ ಹಳೆಯ ಕಾರ್ಬೇಟರನ್ನು ಅಂಗೈಯಲ್ಲಿ ಹಿಡಿದುಕೊಂಡು ಕೂತಿದ್ದ.

"ತುಳಸಿ, ನಂಗ ಕಿವಿ ಕೇಳಸಲ್ಲ" ಅಂದ. "ಎಷ್ಟೋ ವರ್ಷ ಆತು. ಆಕಿ ಹೇಳ್ತಿದ್ಳು, ನಾ ಮಾಡ್ತಿದ್ದೆ. ಅವತ್ತ ಆಕಿ ಇದ್ದಿಲ್ಲ. ನೀ ಬೋಟಿನ್ಯಾಗ ಕುಂತು ಹೋದಿ. ನನ್ನ ಆಣಿ ಮಾಡಿ ಹೇಳು, ಆವಾಜ್ ಹ್ಯಾಂಗಿತ್ತು?"

ಅವನು ನನ್ನ ತುಟಿಗೆ ಕಣ್ಣು ನೆಟ್ಟು ಕಾದ. ಚೆನ್ನಾಗಿತ್ತು ಅಂತ ಹೇಳಬೇಕು, ಅವನು ಉಳಿದಷ್ಟು ದಿನ ಪೆಟ್ರೋಲನ್ನು ಬೈದುಕೊಂಡಾದರೂ ಬದುಕಲಿ ಅನ್ನಿಸಿತು. ಬಾಯಿ ತೆರೆಯುವ ಬದಲು ನನಗೇ ತಿಳಿಯದಂತೆ ಕೈ ಎತ್ತಿದೆ. ಎತ್ತಿ ಮುಷ್ಟಿ ಕಟ್ಟಿದೆ. ಸರಿ ಇತ್ತು ಅಂತ.

ಉಮಾಕಾಂತ ಕಾರ್ಬೇಟರನ್ನು ಕೆಳಗಿಟ್ಟು ಆ ಮುಷ್ಟಿಯನ್ನು ನೋಡಿದ.

"ಇದು ಆಕೀದು" ಅಂದ. "ಇದು ನಿಂಗ ಗೊತ್ತಿತ್ತು?"

ನಾನು ಹೂಂ ಅಂತ ತಲೆ ಆಡಿಸಿದೆ.

"ಮತ್ತ ಅವತ್ತ ಬೆರಳು ಯಾಕ ಎತ್ತಲಿಲ್ಲ?"

ನಾನು ಹೇಳಿದೆ. ನಿನ್ನ ಮಾನ ಹೋಗಬಾರದು ಅಂತ ಅಂದೆ, ನನ್ನದು ತಪ್ಪಾಯಿತು ಅಂದೆ, ಇಂಜಿನ್ ಸೀನುತ್ತಿತ್ತು, ನನಗೆ ಕೇಳಿಸಿತ್ತು ಅಂತಲೂ ಅಂದೆ. ಎಲ್ಲವನ್ನೂ ಹೇಳಿದೆ. ಅವನು ಆಗಲೇ ಮುಖ ಆಚೆ ತಿರುಗಿಸಿದ್ದ, ನನ್ನ ತುಟಿಯನ್ನು ನೋಡುತ್ತಿರಲಿಲ್ಲ.